ಉಸಿರಣ್ಣನ ಅರ್ಧ ಮಾತು

ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ಉಸಿರಣ್ಣ ಎಂದೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೊಂದು ಹೆಸರಿತ್ತು ನಿಜ, ಆದರೆ ಅದನ್ನು ಗುಮಾಸ್ತರು ಕೂಡ ಕನ್ನಡಕ ಹಾಕಿಕೊಂಡು ಓದಿ ನೆನಪು ಮಾಡಿಕೊಳ್ಳಬೇಕಿತ್ತು. ಸಿ.ಟಿ. ಸ್ಕ್ಯಾನ್ ಕೋಣೆಯ ಹಿರಿಯ ಟೆಕ್ನಿಷಿಯನ್ ಅವನು. ಅಲ್ಲಿದ್ದ ಹಳೆಯ ಯಂತ್ರದೊಳಗೆ ಹನ್ನೆರಡು ವರ್ಷ ಇದ್ದದ್ದು ಅವನದೇ ದನಿ. ರೋಗಿ ಮಲಗಿದ ಹಲಗೆ ದೊಡ್ಡ ಬಳೆಯಂಥ ಯಂತ್ರದೊಳಗೆ ಸರಿದಾಗ, ಮೇಲಿನ ಸಣ್ಣ ತೂತುಗಳಿಂದ ಅದು ಬರುತ್ತಿತ್ತು: “ಉಸಿರು ಎಳೆದುಕೊಳ್ಳಿ. ಹಿಡಿದುಕೊಳ್ಳಿ.” ಯಂತ್ರ ಗಿರ್ರನೆ ಸುತ್ತಿ ಚಿತ್ರ ತೆಗೆದ ಮೇಲೆ, “ಉಸಿರು ಬಿಡಿ.” ಇಷ್ಟೇ ಮಾತು. ಒಮ್ಮೆ ಮುದ್ರಿಸಿಟ್ಟರೆ ಯಂತ್ರ ತಾನೇ ತಾನಾಗಿ ಹೇಳುತ್ತದೆ. ಊರಿನ ಅರ್ಧಕ್ಕರ್ಧ ಜನ ಆ ಮಾತು ಕೇಳಿ ಉಸಿರು ಕಟ್ಟಿದ್ದರು, ಆ ಮಾತು ಕೇಳಿಯೇ ಬಿಟ್ಟಿದ್ದರು.

ಒಮ್ಮೆ ತರಕಾರಿ ಅಂಗಡಿಯಲ್ಲಿ ಪಕ್ಕದಲ್ಲಿದ್ದ ಮುದುಕರೊಬ್ಬರಿಗೆ “ಸ್ವಲ್ಪ ಈ ಚೀಲ ಹಿಡಿದುಕೊಳ್ಳಿ” ಎಂದ. ಮುದುಕರು ಚೀಲ ಹಿಡಿಯಲಿಲ್ಲ. ಎದೆ ಉಬ್ಬಿಸಿ, ಕೆನ್ನೆ ಬಿಗಿದು, ಕಂಬದ ಹಾಗೆ ನಿಂತರು. ಉಸಿರಣ್ಣನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೂ ಇನ್ನೊಂದು ಗಳಿಗೆ ಸುಮ್ಮನೆ ನೋಡಿದ, ಸುಳ್ಳೇಕೆ ಹೇಳಬೇಕು, ಖುಷಿಪಟ್ಟ. ಆಮೇಲೆ “ಬಿಡಿ ಯಜಮಾನ್ರೇ” ಎಂದ. ಈ ಕಥೆಯನ್ನು ಅವನು ಆಸ್ಪತ್ರೆಯಲ್ಲಿ ಕಡಿಮೆಯೆಂದರೂ ನಲವತ್ತು ಸಲ ಹೇಳಿದ್ದ.

ಮನೆಯಲ್ಲಿ ಮಾತ್ರ ಆ ದನಿಗೆ ಕಿಮ್ಮತ್ತಿರಲಿಲ್ಲ. ಅದಕ್ಕೆ ಅವನ ಒಂದು ದುರಭ್ಯಾಸವೂ ಕಾರಣ. ಅವನು ಯಾವ ಮಾತನ್ನೂ ಪೂರ್ತಿ ಹೇಳುವವನಲ್ಲ. “ಆ ಕಪಾಟಿನಲ್ಲಿರೋದನ್ನ ತೆಗೆದು...” ಎಂದು ಶುರುಮಾಡಿ ಎದ್ದು ಬಚ್ಚಲಿಗೆ ಹೋಗಿಬಿಡುತ್ತಿದ್ದ. ಏನನ್ನು ತೆಗೆಯಬೇಕು, ತೆಗೆದು ಎಲ್ಲಿಡಬೇಕು ಎಂಬುದೆಲ್ಲ ಹೆಂಡತಿಯ ಪಾಲಿಗೆ. ಇಪ್ಪತ್ತಾರು ವರ್ಷ ಅವಳು ಉಳಿದರ್ಧವನ್ನು ಊಹಿಸಿಕೊಂಡೇ ಸಂಸಾರ ಸಾಗಿಸಿದ್ದಳು. ಊಹೆ ತಪ್ಪಿದ ದಿನ ಜಗಳ, ಸರಿಯಾದ ದಿನ ಮೌನ. ಮೆಚ್ಚುಗೆಯ ಮಾತಂತೂ ಅರ್ಧವೂ ಬರುತ್ತಿರಲಿಲ್ಲ.

ಕೊರೊನಾ ಬಂತು. ಮೊದಲ ಅಲೆಯಲ್ಲೇ ಉಸಿರಣ್ಣನಿಗೆ ತಗುಲಿತು. ಜ್ವರ ಎರಡೇ ದಿನಕ್ಕೆ ಇಳಿಯಿತಾದರೂ ಹದಿನಾಲ್ಕು ದಿನ ಕೋಣೆಯೊಳಗೆ ಕೂರಬೇಕಾಯಿತು. ಸರಿಯಾಗಿ ಆ ಹದಿನಾಲ್ಕು ದಿನದಲ್ಲೇ ಹಳೆಯ ಯಂತ್ರ ಕೈಕೊಟ್ಟು, ಗೋದಾಮಿನಲ್ಲಿ ಕಟ್ಟು ಬಿಚ್ಚದೆ ಬಿದ್ದಿದ್ದ ಹೊಸ ಯಂತ್ರವನ್ನು ತಂದು ಕೂರಿಸಿದರು. ಕೂರಿಸಲು ಬಂದ ಎಂಜಿನಿಯರು “ನಿಮ್ಮ ಭಾಷೆಯಲ್ಲಿ ಯಾರಾದರೂ ದನಿ ಕೊಡಿ” ಎಂದ. ಆಗ ಕೋಣೆಯಲ್ಲಿದ್ದವಳು ಕೆಲಸಕ್ಕೆ ಸೇರಿ ವರ್ಷವೂ ತುಂಬದ ಕಿರಿಯ ಟೆಕ್ನಿಷಿಯನ್ ಹುಡುಗಿ. ಅವಳು ದನಿ ಕೊಟ್ಟಳು. ಅಷ್ಟೇ ನಡೆದದ್ದು. ಇದರಲ್ಲಿ ಸಂಚು, ಪಿತೂರಿ, ಮಣ್ಣು, ಮಸಿ ಏನೂ ಇರಲಿಲ್ಲ. ಉಸಿರಣ್ಣನನ್ನು ಬಿಟ್ಟು ಬೇರೆ ಯಾರನ್ನು ಕೇಳಿದರೂ ಹೀಗೇ ಹೇಳುತ್ತಾರೆ.

ಹದಿನೈದನೆಯ ದಿನ ಅವನು ಕೆಲಸಕ್ಕೆ ಬಂದು, ಯಂತ್ರ ನಡೆಸುವ ಕನ್ಸೋಲಿನ ಮುಂದೆ ಕೂತ. ಗಾಜಿನ ಆಚೆ ರೋಗಿ ಮಲಗಿದ್ದ. ಗುಂಡಿ ಒತ್ತಿದ. ಯಂತ್ರ ಹೇಳಿತು: “ಹೆದರಬೇಡಿ. ನಿಧಾನವಾಗಿ ಉಸಿರು ಎಳೆದುಕೊಳ್ಳಿ. ಹಾಗೇ ಹಿಡಿದುಕೊಳ್ಳಿ.” ಚಿತ್ರ ತೆಗೆದಾದ ಮೇಲೆ, “ಆಯ್ತು. ಉಸಿರು ಬಿಡಿ. ಚೆನ್ನಾಗಿ ಮಾಡಿದಿರಿ.”

ಉಸಿರಣ್ಣನಿಗೆ ತನ್ನ ಮನೆಯ ಬಾಗಿಲು ತಟ್ಟಿದಾಗ ಒಳಗಿನಿಂದ ಯಾರೋ ಅಪರಿಚಿತರು “ಯಾರು ಬೇಕಾಗಿತ್ತು?” ಎಂದು ಕೇಳಿದ ಹಾಗಾಯಿತು.

“ನಿಂದಾ?” ಎಂದು ಕೇಳಿದ.

“ಹೌದು ಸಾರ್,” ಎಂದಳು ಹುಡುಗಿ. “ಅವತ್ತು ಯಾರೂ ಇರಲಿಲ್ಲ. ನಿಮ್ಮ ದನಿ ಹಾಕೋಣ್ವಾ ಸಾರ್? ಐದು ನಿಮಿಷದ ಕೆಲಸ.”

ಇಲ್ಲಿ ಅವನು ಹೂಂ ಎಂದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಕೊಟ್ಟದ್ದನ್ನು ಇಸಿದುಕೊಳ್ಳುವುದು ಅವನ ಜಾಯಮಾನವಲ್ಲ. ತಾನಾಗಿ ಬರಬೇಕು, ಬೇಡ ಬೇಡ ಎಂದರೂ ಬರಬೇಕು. “ಬೇಡ ಬೇಡ, ಅದೆಲ್ಲ ಹುಡುಗರ ಆಟ. ಇರಲಿ ಬಿಡು,” ಎಂದ. ಹುಡುಗಿ ಅದನ್ನು ನಂಬಿ ಇರಲಿ ಎಂದು ಬಿಟ್ಟುಬಿಟ್ಟಳು. ಇನ್ನೊಂದು ಸಲ ಕೇಳಲಿಲ್ಲವಲ್ಲ ಎಂಬ ಸಿಟ್ಟು ಅವನಿಗೆ ವಾರಗಟ್ಟಲೆ ಇಳಿಯಲಿಲ್ಲ. ಮನಸ್ಸಿನಲ್ಲೇ ಅವಳಿಗೆ ಕೋಗಿಲೆ ಎಂದು ಹೆಸರಿಟ್ಟ. ಹಾಗಾದರೆ ಗೂಡು ಕಟ್ಟಿದ ಕಾಗೆ ಯಾರೆಂಬ ಪ್ರಶ್ನೆ ಏಳುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲ.

ಹೊಟ್ಟೆಕಿಚ್ಚು ಒಂದೇ ದಿನ ಉರಿದು ಬೂದಿಯಾಗುವ ಬೆಂಕಿಯಲ್ಲ, ಅದಕ್ಕೆ ದಿನಾ ಸೌದೆ ಬೇಕು. ಸೌದೆ ದಿನಾ ಬರುತ್ತಲೂ ಇತ್ತು. ಆಗ ಆ ಕೋಣೆಗೆ ದಿನಕ್ಕೆ ಐವತ್ತು ಅರವತ್ತು ಎದೆಗಳು ಬರುತ್ತಿದ್ದವು. ಎಲ್ಲರೂ ಹೆದರಿದವರು. ಎದುರಿಗೆ ಬಂದವರೆಲ್ಲ ಪಿಪಿಇ ಕಿಟ್ಟಿನ ಬಿಳಿ ಬೊಂಬೆಗಳು. ಕಣ್ಣು ಕಾಣದು, ಬಾಯಿ ಕಾಣದು, ಆಡಿದ ಮಾತು ಮಾಸ್ಕಿನೊಳಗೇ ಗುಂಯ್ಗುಡುತ್ತದೆ. ಅಂಥಲ್ಲಿ ಸ್ಪಷ್ಟವಾಗಿ, ಮನುಷ್ಯರ ಹಾಗೆ ಮಾತನಾಡುವುದೆಂದರೆ ಯಂತ್ರದೊಳಗಿನ ಆ ದನಿ ಒಂದೇ. ಹಲಗೆಯಿಂದ ಇಳಿಯುತ್ತ ಒಬ್ಬ ಲಾರಿ ಡ್ರೈವರು “ಒಳಗೆ ಮಾತಾಡ್ತಾರಲ್ಲ, ಆ ತಾಯಿಗೆ ನಮಸ್ಕಾರ ಹೇಳ್ಬಿಡಿ” ಎಂದ. ಒಬ್ಬ ಟೀಚರಮ್ಮ “ಚೆನ್ನಾಗಿ ಮಾಡಿದಿರಿ ಅಂತ ನನಗೆ ಯಾರಾದ್ರೂ ಹೇಳಿ ಎಷ್ಟು ಕಾಲ ಆಯ್ತೋ” ಎಂದು ಕಣ್ಣೊರೆಸಿಕೊಂಡರು. ಉಸಿರಣ್ಣ ಕಿಟ್ಟಿನೊಳಗೆ ಬೆವರುತ್ತ ನಿಂತು ಎಲ್ಲ ಕೇಳಿಸಿಕೊಂಡ. ಹನ್ನೆರಡು ವರ್ಷದಲ್ಲಿ ತನ್ನ ದನಿಗೆ ಒಬ್ಬನಾದರೂ ನಮಸ್ಕಾರ ಹೇಳಿದ್ದುಂಟೇ ಎಂದು ಲೆಕ್ಕ ಹಾಕಿದ. ತರಕಾರಿ ಅಂಗಡಿಯ ಮುದುಕರನ್ನು ಬಿಟ್ಟರೆ ಯಾರೂ ಸಿಗಲಿಲ್ಲ, ಅವರೂ ನಮಸ್ಕಾರ ಹೇಳಿರಲಿಲ್ಲ.

“ಚೆನ್ನಾಗಿ ಮಾಡಿದಿರಿ ಅಂತೆ,” ಎಂದು ವರದಿ ಬರೆಯುವ ಡಾಕ್ಟರಮ್ಮನ ಮುಂದೆ ಮೂಗು ಮುರಿದ. “ಚಿತ್ರ ಇನ್ನೂ ತೆರೆ ಮೇಲೆ ಬಂದೇ ಇರಲ್ಲ ಮೇಡಂ. ಉಸಿರು ಹಿಡಿದಿದ್ದಾನೋ ಬಿಟ್ಟಿದ್ದಾನೋ ನೋಡದೇನೇ ಅದೆಂಥ ಶಹಭಾಸ್‌ಗಿರಿ?”

ಡಾಕ್ಟರಮ್ಮ ತೆರೆಯಿಂದ ಕಣ್ಣು ಕೀಳಲಿಲ್ಲ. “ಆದ್ರೆ ಈಗ ಜನ ಚೆನ್ನಾಗಿ ಹಿಡೀತಾ ಇದಾರೆ ಕಣ್ರೀ,” ಎಂದರು.

ಇದು ಗಾಯಕ್ಕೆ ಉಪ್ಪು ಸವರಿದಂತೆ. ಯಾಕೆಂದರೆ ಉಸಿರು ಹಿಡಿಸುವುದೇ ಅವನ ಕಸುಬಿನ ಹೆಮ್ಮೆ. ಕೊರೊನಾ ಹೊಕ್ಕ ಶ್ವಾಸಕೋಶ ಚಿತ್ರದಲ್ಲಿ ಉಜ್ಜಿದ ಗಾಜಿನ ಹಾಗೆ ಮಬ್ಬಾಗಿ ಕಾಣುತ್ತದೆ. ರೋಗಿ ನಡುವೆ ಉಸಿರಾಡಿಬಿಟ್ಟರೂ ಮಬ್ಬೇ. ಯಾವುದು ಕಾಯಿಲೆಯ ಮಬ್ಬು, ಯಾವುದು ಉಸಿರಿನ ಮಬ್ಬು ಎಂದು ಡಾಕ್ಟರಮ್ಮ ತಲೆ ಕೆಡಿಸಿಕೊಳ್ಳಬೇಕು. ಶ್ವಾಸಕೋಶದ ಐದು ಭಾಗಕ್ಕೆ ಐದೈದು ಅಂಕ, ಒಟ್ಟು ಇಪ್ಪತ್ತೈದು. ಶಾಲೆಯ ಅಂಕದ ಹಾಗಲ್ಲ, ಇಲ್ಲಿ ಹೆಚ್ಚು ಬಂದವರದೇ ಪಾಡು. “ಜನಕ್ಕೆ ಹತ್ತು ಸೆಕೆಂಡು ಉಸಿರು ಹಿಡಿಯೋಕೆ ಬರಲ್ಲ, ಚಿತ್ರ ಎಲ್ಲ ಹಾಳು” ಎಂದು ಅವನು ಊಟಕ್ಕೆ ಕೂತಾಗಲೆಲ್ಲ ಗೊಣಗುತ್ತಿದ್ದ. ಮನೆಯಲ್ಲಿ ಅವನು ಪೂರ್ತಿ ಹೇಳುತ್ತಿದ್ದ ವಾಕ್ಯ ಇದೊಂದೇ. ಹೆಂಡತಿಗೆ ಅದು ಬಾಯಿಪಾಠವಾಗಿತ್ತು.

ಎರಡನೆಯ ಅಲೆಯಲ್ಲಿ ಹೆಂಡತಿಗೆ ಜ್ವರ ಬಂತು. ಐದನೆಯ ದಿನ ಸ್ಕ್ಯಾನ್ ಬರೆದುಕೊಟ್ಟರು. ಅವತ್ತು ಉಸಿರಣ್ಣನ ಪಾಳಿ ಮಧ್ಯಾಹ್ನದ್ದು, ಅವಳ ಸರದಿ ಬಂದದ್ದು ಬೆಳಿಗ್ಗೆ. ಅಂಕ ಬರೀ ಐದು. ಮನೆಯಲ್ಲೇ ಇರಿ, ಮಾತ್ರೆ ನುಂಗಿ ಎಂದು ಕಳಿಸಿದರು. ಅವಳು ಒಳಗಿನ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಗಂಡ ಹೆಂಡಿರ ಮಾತುಕತೆಯೆಲ್ಲ ಮುಚ್ಚಿದ ಬಾಗಿಲ ಆಚೆ ಈಚೆಯಿಂದ ನಡೆಯತೊಡಗಿತು. ಅವನು ಹೊಸ್ತಿಲ ಹತ್ತಿರ ಬಿಸಿನೀರಿನ ಫ್ಲಾಸ್ಕ್ ಇಟ್ಟು ಹಿಂದೆ ಸರಿದು ಕುರ್ಚಿಯಲ್ಲಿ ಕೂರುವನು, ಅವಳು ತೆಗೆದುಕೊಂಡು ಬಾಗಿಲು ಹಾಕುವಳು.

“ರೀ, ಕೇಳಿಸ್ತಾ ಇದೆಯಾ?” ಎಂದಳು ಒಳಗಿನಿಂದ.

“ಹೂಂ.”

“ಆ ಮಿಷನ್ ಒಳಗೆ ಒಬ್ಬಳು ಮಾತಾಡ್ತಾಳಲ್ರೀ. ಎಷ್ಟು ಚೆನ್ನಾಗಿ ಹೇಳ್ತಾಳೆ. ನನಗೆ ಒಳಗೆ ಹೋಗುವಾಗ ಕೈಕಾಲು ನಡುಗ್ತಾ ಇತ್ತು. ಹೆದರಬೇಡಿ ಅಂದ್ಲು ನೋಡಿ, ನಿಂತೇ ಹೋಯ್ತು. ನಮ್ಮಮ್ಮ ತಲೆ ಸವರಿದ ಹಾಗಾಯ್ತು.”

ಉಸಿರಣ್ಣ ಕುರ್ಚಿಯನ್ನು ಬಾಗಿಲಿನಿಂದ ಒಂದು ಗೇಣು ಹಿಂದಕ್ಕೆ ಸರಿಸಿದ.

“ನಿಮ್ಮ ದನಿ ಅದರಲ್ಲಿ ಇರುತ್ತೆ ಅಂತಿದ್ರಿ?”

“ಅದು ಹಳೇ ಮಿಷನ್,” ಎಂದ. “ಅದರಲ್ಲಿ ನನ್ನ...” ಎಂದು ಎದ್ದುಹೋದ.

ಎದ್ದುಹೋದರೂ ಮಾತು ಬೆನ್ನು ಬಿಡಲಿಲ್ಲ. ಊರಿನವರೆಲ್ಲ ಆ ಕೋಗಿಲೆಯನ್ನು ಹೊಗಳಲಿ, ತಡೆದುಕೊಂಡೇನು ಎಂದುಕೊಂಡಿದ್ದ. ಈಗ ತನ್ನ ಹೆಂಡತಿ, ತನ್ನದೇ ಮನೆಯ ಬಾಗಿಲ ಹಿಂದೆ ಕೂತು ಹೊಗಳುತ್ತಿದ್ದಾಳೆ. ಹನ್ನೆರಡು ವರ್ಷದಲ್ಲಿ ಅವಳು ಒಂದೇ ಒಂದು ಸಲವೂ ಆ ಕೋಣೆಯಲ್ಲಿ ಅವನ ದನಿ ಕೇಳಿರಲಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು, ಗಂಡ ಎಂಥವನೆಂದು. ಊರೆಲ್ಲ ಹೊಗಳಿದರೂ ಅವಳ ಕಣ್ಣಲ್ಲಿ ಸಿಗದ ಜಾಗವನ್ನು ಆ ದನಿ ಅವನಿಗೆ ಕೊಡಿಸುತ್ತಿತ್ತು. ಆ ಜಾಗದಲ್ಲಿ ಈಗ ನಿನ್ನೆ ಮೊನ್ನೆ ಬಂದ ಹುಡುಗಿ ನಿಂತಿದ್ದಾಳೆ.

ಒಂಬತ್ತನೆಯ ದಿನ ಹೆಂಡತಿಯ ಬೆರಳಿಗೆ ಸಿಕ್ಕಿಸಿದ ಆಮ್ಲಜನಕ ಅಳೆಯುವ ಮೀಟರು ತೊಂಬತ್ತಕ್ಕಿಂತ ಕೆಳಗಿಳಿಯಿತು. ಬಾಗಿಲು ತೆಗೆದು ಅವಳನ್ನು ಎತ್ತಿಕೊಂಡಂತೆ ಕರೆತಂದು ವಾರ್ಡಿಗೆ ಸೇರಿಸಿದ. ಮೂಗು ಬಾಯಿಗೆ ಆಮ್ಲಜನಕದ ಮಾಸ್ಕ್ ಹಾಕಿದರು. ನಾಳೆ ಬೆಳಿಗ್ಗೆ ಮೊದಲ ಸ್ಕ್ಯಾನ್ ಇವರದೇ, ಎಷ್ಟು ಹರಡಿದೆ ನೋಡಿ ಮುಂದಿನದು ತೀರ್ಮಾನ ಮಾಡೋಣ ಎಂದರು ವಾರ್ಡಿನ ಡಾಕ್ಟರು. ಉಸಿರಣ್ಣ ಹೆದರಿದ. ಹೆದರಿಕೆ ನಿಜವಾದದ್ದೇ, ಅದರಲ್ಲಿ ಅನುಮಾನ ಬೇಡ. ಆದರೆ ಆ ಹೆದರಿಕೆಯ ಪಕ್ಕದಲ್ಲೇ, ಅದರ ಮಗ್ಗುಲಲ್ಲೇ ಕೂತು, ಇನ್ನೊಂದು ಯೋಚನೆಯೂ ಕಣ್ಣು ಪಿಳುಕಿಸಿತು. ನಾಳೆ ಅವಳು ಯಂತ್ರದೊಳಗೆ ಹೋಗುವಾಗ ಅವಳಿಗೆ ಧೈರ್ಯ ಹೇಳುವುದು ಯಾರು? ಆ ಹುಡುಗಿಯೇ? ಗಂಡ ಸತ್ತುಹೋಗಿದ್ದಾನೆಯೇ?

ಮರುದಿನ ಬೆಳಿಗ್ಗೆ ಹುಡುಗಿ ಬರುವ ಮುಂಚೆಯೇ ಅವನು ಕೋಣೆಯ ಬೀಗ ತೆಗೆದ. ಯಂತ್ರವನ್ನು ಚಾಲೂ ಮಾಡಿ ಬಿಸಿಯಾಗಲು ಬಿಟ್ಟು ದನಿಯ ಪಟ್ಟಿ ತೆರೆದ. ಎದೆಯ ಸ್ಕ್ಯಾನಿಗೆ ಮೂರನೆಯ ಸಾಲು. ಸಾಲಿಗೆ ಎರಡು ಭಾಗ: ಚಿತ್ರಕ್ಕೆ ಮೊದಲು ಹೇಳುವುದು, ಚಿತ್ರವಾದ ಮೇಲೆ ಹೇಳುವುದು. ಒಂದೊಂದನ್ನೂ ಬೇರೆ ಬೇರೆ ಮುದ್ರಿಸಿ, ಬೇರೆ ಬೇರೆ ಉಳಿಸಬೇಕು. ಅವನು ಹುಡುಗಿಯ ಎರಡು ಭಾಗವನ್ನೂ ಅಳಿಸಿದ. ಅಳಿಸುವಾಗ ಯಂತ್ರ “ಖಚಿತವೇ?” ಎಂದು ಕೇಳಿತು. ಖಚಿತವೇ ಎಂದರೆ! ಗುಂಡಿ ಒತ್ತಿದ ಬೆರಳಿಗೆ ಸಿಹಿ ಅಂಟಿದಂತಾಯಿತು.

ಆಮೇಲೆ ಮೈಕಿನ ಮುಂದೆ ಕೂತು ಗಂಟಲು ಸರಿಪಡಿಸಿಕೊಂಡ. “ಉಸಿರು ಎಳೆದುಕೊಳ್ಳಿ. ಹಿಡಿದುಕೊಳ್ಳಿ.” ಕೇಳಿ ನೋಡಿದ. ತುಂಬ ಗಡಸು. ಮತ್ತೊಮ್ಮೆ ಹೇಳಿದ, ಮುದುಕನ ದನಿಯಾಯಿತು. ಇನ್ನೊಮ್ಮೆ ಹೇಳಿದರೆ ರೈಲು ನಿಲ್ದಾಣದ ಪ್ರಕಟಣೆಯ ಹಾಗಿತ್ತು. ಹನ್ನೊಂದನೆಯ ಸಲ ಮನಸ್ಸಿಗೆ ಬಂದದ್ದನ್ನು ಉಳಿಸಿದ. ಎರಡನೆಯ ಭಾಗಕ್ಕೆ ಅಷ್ಟು ಶೃಂಗಾರ ಬೇಕೆನಿಸಲಿಲ್ಲ. “ಉಸಿರು ಬಿಡಿ,” ಎಂದ. ಅಷ್ಟರಲ್ಲಿ ಹೊರಗೆ ಹುಡುಗಿಯ ಚಪ್ಪಲಿ ಸದ್ದು ಕೇಳಿತು. ಕದ್ದು ತಿನ್ನುವವನ ಹಾಗೆ ಪಟ್ಟಿಯನ್ನು ಸರಕ್ಕನೆ ಮುಚ್ಚಿ ಎದ್ದುನಿಂತ. ಉಳಿಸುವ ಗುಂಡಿಯನ್ನು ಒತ್ತಿರಲಿಲ್ಲ. ಒತ್ತಿದ್ದೇನೆ ಎಂದೇ ಅವನ ನಂಬಿಕೆ. ದನಿ ಬದಲಿಸಿದರೆ ಖಾಲಿ ಹಲಗೆಯ ಮೇಲೆ ಒಮ್ಮೆ ಓಡಿಸಿ ನೋಡಬೇಕು ಎಂದು ಹೊಸಬರಿಗೆಲ್ಲ ಪಾಠ ಮಾಡುತ್ತಿದ್ದವನು ಅವನೇ.

“ಬೇಗ ಬಂದ್ರಾ ಸಾರ್? ಅಮ್ಮ ಹೇಗಿದಾರೆ?” ಎಂದಳು ಹುಡುಗಿ.

“ಪರವಾಗಿಲ್ಲ. ನೀನು ಕನ್ಸೋಲಿಗೆ ಕೂತ್ಕೋ. ನಾನು ಒಳಗಿರ್ತೀನಿ,” ಎಂದ. ಇಬ್ಬರಲ್ಲಿ ಒಬ್ಬರು ಗಾಜಿನ ಈಚೆ ಕೂತು ಯಂತ್ರ ನಡೆಸುವುದು, ಇನ್ನೊಬ್ಬರು ಕಿಟ್ ತೊಟ್ಟು ಒಳಗೆ ರೋಗಿಯನ್ನು ಮುಟ್ಟಿ ಮಲಗಿಸುವುದು ಆ ದಿನಗಳ ಕ್ರಮ.

ಹೆಂಡತಿಯನ್ನು ಗಾಲಿ ಮಂಚದ ಮೇಲೆ ತಂದರು. ಒಂದು ದಿನದಲ್ಲಿ ಮುಖ ಅರ್ಧವಾಗಿತ್ತು. ಅವನು ಅವಳನ್ನು ಹಲಗೆಗೆ ಸರಿಸಿ, ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಇಟ್ಟು, ಸಿಲಿಂಡರಿನ ಕೊಳವೆ ಸಿಕ್ಕಿಕೊಳ್ಳದಂತೆ ಸರಿಮಾಡಿದ. ಬೆರಳಿನ ಮೀಟರು ಎಂಬತ್ತೊಂಬತ್ತು ತೋರಿಸುತ್ತಿತ್ತು. ಅವಳು ಅವನ ಮುಖದ ಕಡೆ ನೋಡಿದಳು. ಎರಡು ಮಾಸ್ಕು, ಕನ್ನಡಕ, ಅದರ ಮೇಲೊಂದು ಪ್ಲಾಸ್ಟಿಕ್ಕಿನ ಪರದೆ. ಗುರುತು ಸಿಕ್ಕಂತೆ ಕಾಣಲಿಲ್ಲ. ಸಿಗದಿರಲಿ ಎಂದುಕೊಂಡ. ಒಳಗೆ ಹೋದಾಗ ಗೊತ್ತಾಗಲಿ, ಆಗ ಅದರ ರುಚಿಯೇ ಬೇರೆ. ಭಾರದ ಬಾಗಿಲು ಎಳೆದುಕೊಂಡು ಹೊರಗಿನ ಓಣಿಯಲ್ಲಿ ನಿಂತ.

ಬಾಗಿಲ ಮೇಲಿನ ಕೆಂಪು ದೀಪ ಹತ್ತಿತು. “ಉಸಿರು ಎಳೆದುಕೊಳ್ಳಿ. ಹಿಡಿದುಕೊಳ್ಳಿ.” ಬಾಗಿಲ ಸಂದಿಯಿಂದ ಅವನದೇ ದನಿ, ಹನ್ನೊಂದನೆಯ ಸಲದ ದನಿ, ದಪ್ಪವಾಗಿ ಇಳಿದು ಬಂತು. ಉಸಿರಣ್ಣ ಬಾಗಿಲಿಗೆ ಇನ್ನಷ್ಟು ಹತ್ತಿರ ಸರಿದ. ಈಗ ಅವಳು ಕೇಳುತ್ತಿದ್ದಾಳೆ. ಈಗ ಗೊತ್ತಾಗಿದೆ. ಯಂತ್ರ ಗಿರ್ರೆಂದು ಸುತ್ತಿ ನಿಂತಿತು. ಕೆಂಪು ದೀಪ ಆರಿತು.

ಆಮೇಲೆ ಏನೂ ಕೇಳಲಿಲ್ಲ.

ಅವನು ವಾಡಿಕೆಯಂತೆ ಸೆಕೆಂಡು ಎಣಿಸುತ್ತಿದ್ದ. ಹನ್ನೆರಡು, ಹದಿಮೂರು. ಮಾತು ಬರಬೇಕಿತ್ತು. ಹದಿನೇಳು. ಬೆಳಿಗ್ಗೆ ಮುಚ್ಚಿದ ಪಟ್ಟಿ ಕಣ್ಣಮುಂದೆ ಬಂತು, ಒತ್ತದ ಗುಂಡಿಯೂ ಬಂತು. ಬಾಗಿಲು ನೂಕಿ ಒಳಗೆ ನುಗ್ಗಿದ.

ಹೆಂಡತಿ ಉಸಿರು ಹಿಡಿದೇ ಇದ್ದಳು. ಕಣ್ಣು ಅಗಲಿಸಿ ಮೇಲಿನ ತೂತುಗಳನ್ನು ನೋಡುತ್ತ, ಕತ್ತಿನ ನರ ಉಬ್ಬಿಸಿ, ತಲೆಯ ಮೇಲೆ ಮುಷ್ಟಿ ಬಿಗಿದು ಹಿಡಿದಿದ್ದಳು. ಬೇರೆ ಯಾರಾಗಿದ್ದರೂ ಇಷ್ಟು ಹೊತ್ತಿಗೆ ಕೆಮ್ಮಿ ಬಿಟ್ಟುಬಿಡುತ್ತಿದ್ದರು. ಇವಳು ಹತ್ತು ಸೆಕೆಂಡು ಹಿಡಿಯಲಾರದ ಜನರ ಬಗ್ಗೆ ವರ್ಷಗಟ್ಟಲೆ ಕೇಳಿದವಳು. “ಬಿಡು,” ಎಂದ ಅವನು. “ಬಿಡೇ, ಉಸಿರು ಬಿಡು.” ಎರಡು ಮಾಸ್ಕು, ಒಂದು ಪರದೆಯ ಹಿಂದಿನಿಂದ ಅದು ಮಡಕೆಯೊಳಗೆ ಮಾತಾಡಿದ ಹಾಗೆ ಬಂತು. ಅವಳು ಆ ಬಿಳಿ ಬೊಂಬೆಯನ್ನು ನೋಡಿ ತಲೆಯಾಡಿಸಿದಳು. ಇಲ್ಲ ಎಂದು. ಬಿಡಬೇಕಾದಾಗ ಹೇಳುವವರು ಬೇರೆ ಇದ್ದಾರೆ ಎಂದು. ಕಣ್ಣು ಮತ್ತೆ ತೂತುಗಳ ಕಡೆ ಹೋಯಿತು.

ಮೀಟರು ಎಂಬತ್ತೆರಡಕ್ಕೆ ಇಳಿಯಿತು, ಎಪ್ಪತ್ತಾರಕ್ಕೆ ಇಳಿಯಿತು. ತುಟಿಗೆ ಶಾಯಿ ಬಣ್ಣ ಬಂತು. ಉಸಿರಣ್ಣ ಅವಳ ಭುಜ ಹಿಡಿದು ಅಲುಗಿಸಿದ. ನಾನೇ ಕಣೇ, ನಾನೇ ಹೇಳ್ತಾ ಇರೋದು ಎಂದು ಕೂಗಿದ. ಯಂತ್ರದೊಳಗಿನ ತನ್ನ ದನಿಯ ಮುಂದೆ ತನ್ನ ದನಿ ನಡೆಯಲಿಲ್ಲ.

ಆಗ ಮೇಲಿನಿಂದ ಹುಡುಗಿಯ ದನಿ ಬಂತು. ಮುದ್ರಿಸಿದ್ದಲ್ಲ, ಕನ್ಸೋಲಿನ ಮೈಕಿನಲ್ಲಿ ನೇರವಾಗಿ ಆಡಿದ್ದು. “ಅಮ್ಮಾ, ಆಯ್ತು. ಉಸಿರು ಬಿಡಿ. ಬಿಡಿ ಅಮ್ಮಾ, ಚೆನ್ನಾಗಿ ಮಾಡಿದಿರಿ.”

ಅವಳು ಬಿಟ್ಟಳು. ಬಿಟ್ಟದ್ದೇ ಕೆಮ್ಮು ಹತ್ತಿಕೊಂಡು, ಕಣ್ಣು ಮೇಲಾಗಿ, ಕೈಗಳು ಕೆಳಗೆ ಜಾರಿದವು. ಹುಡುಗಿ ಬರೀ ಮಾಸ್ಕಿನಲ್ಲೇ, ಕಿಟ್ಟೂ ಇಲ್ಲದೆ ಓಡಿಬಂದು ಸಿಲಿಂಡರಿನ ತಿರುಪನ್ನು ಪೂರ್ತಿ ತಿರುಗಿಸಿದಳು, ವಾರ್ಡಿಗೆ ಫೋನು ಮಾಡಿದಳು, ಅವಳನ್ನು ಪಕ್ಕಕ್ಕೆ ಹೊರಳಿಸಿದಳು. ಉಸಿರಣ್ಣ ಗೋಡೆಗೆ ಆತು ನಿಂತೇ ಇದ್ದ.

ಏಳು ದಿನ ಹೆಂಡತಿ ತೀವ್ರ ನಿಗಾ ಘಟಕದಲ್ಲಿದ್ದಳು. ಅಂಕ ಹದಿನಾಲ್ಕು. “ಚಿತ್ರ ಮಾತ್ರ ಏನು ಸ್ಪಷ್ಟ ಬಂದಿದೆ ಕಣ್ರೀ,” ಎಂದರು ಡಾಕ್ಟರಮ್ಮ, ಪಾಪ, ಒಳ್ಳೆಯ ಮನಸ್ಸಿನಿಂದಲೇ. “ಒಂದು ಚೂರೂ ಅಲುಗಾಡಿಲ್ಲ. ಈ ತಿಂಗಳಲ್ಲೇ ಇಂಥದ್ದು ನೋಡಿಲ್ಲ.” ಉಸಿರಣ್ಣ ಕಕ್ಕಸಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತ.

ಹುಡುಗಿಗೆ ಸೋಂಕು ತಗುಲಲಿಲ್ಲ. ಅವಳು ಅವತ್ತೇ ಹೇಳಿದ್ದಳು: “ಸಾರ್, ಇದನ್ನ ರಿಜಿಸ್ಟರಲ್ಲಿ ಬರೀಬೇಕು. ನೀವೇ ಬರೀತೀರಾ, ನಾನು ಬರೀಲಾ?” ಅವನೇ ಬರೆದ. ದನಿ ಬದಲಿಸುವಾಗ ಎರಡನೆಯ ಭಾಗ ಉಳಿಸಲಿಲ್ಲ, ಪರೀಕ್ಷಿಸಲಿಲ್ಲ ಎಂದು ಬರೆದ. ಕಾರಣ ಎಂಬ ಕಾಲಮಿನಲ್ಲಿ ಪೆನ್ನು ತುಂಬ ಹೊತ್ತು ನಿಂತಿತು. ಕೊನೆಗೆ “ಅವಸರ” ಎಂದು ಬರೆದ. ಹುಡುಗಿ ಓದಿ ರಿಜಿಸ್ಟರ್ ಮುಚ್ಚಿಟ್ಟಳು. ಒಂದು ತಿಂಗಳು ಅವನನ್ನು ಸಾದಾ ಎಕ್ಸ್‌ರೇ ಕೋಣೆಗೆ ಹಾಕಿದರು. ಕೈಮುರಿದವರ ನಡುವೆ ಕೂತು ಅವನು ಹುಡುಗಿಯ ಋಣವನ್ನು ನೆನೆದ. ನೆನೆದಾಗಲೆಲ್ಲ ಹೊಟ್ಟೆ ಇನ್ನಷ್ಟು ಉರಿಯಿತು. ನನ್ನ ಹೆಂಡತಿಯನ್ನು ಉಳಿಸಿದ್ದೂ ಅವಳ ದನಿಯೇ ಆಗಬೇಕಿತ್ತೇ? ಬೇರೆ ಏನಾದರೂ ಆಗಬಾರದಿತ್ತೇ? ಉಪಕಾರ ಮಾಡಿದವರ ಮೇಲೆ ಹೊಟ್ಟೆಕಿಚ್ಚು ಪಡುವುದಕ್ಕಿಂತ ನೀಚತನ ಇಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೂ ಪಟ್ಟ.

ಹೆಂಡತಿ ಮನೆಗೆ ಬಂದಳು. ಮಾತಾಡುವಷ್ಟು ಉಸಿರು ಬಂದ ಕೂಡಲೇ ತನ್ನ ತಂಗಿಗೆ ಫೋನು ಹಚ್ಚಿದಳು. “ಇವರ ದನಿ ಇತ್ತು ಕಣೇ ಮಿಷನ್ನಲ್ಲಿ. ಕೇಳಿದ ತಕ್ಷಣ ಗೊತ್ತಾಯ್ತು. ಇವರು ಹೇಳಿದ ಮಾತು ಒಂದ್ಸಲನಾದ್ರೂ ಸರಿಯಾಗಿ ಪಾಲಿಸೋಣ ಅಂತ ಹಿಡಿದೆ ನೋಡು. ಅಷ್ಟರಲ್ಲಿ ಮಿಷನ್ ಕೆಟ್ಟೋಯ್ತಂತೆ. ಆ ಹುಡುಗಿ ಇಲ್ದೇ ಇದ್ದಿದ್ರೆ ನಾನು ಹೋಗೇ ಹೋಗ್ತಿದ್ದೆ.” ನೆಂಟರಿಷ್ಟರಿಗೆಲ್ಲ ಇದೇ ಕಥೆ. ಮಿಷನ್ ಕೆಟ್ಟಿತ್ತು ಎಂದು ಅವಳಿಗೆ ಹೇಳಿದ್ದು ಉಸಿರಣ್ಣನೇ. ಪ್ರತಿ ಸಲ ಫೋನಿನಲ್ಲಿ ಆ ಮಾತು ಬಂದಾಗ ಅವನು ಎದ್ದು ಹಿತ್ತಿಲಿಗೆ ಹೋಗಿ ಒಣಗದ ಬಟ್ಟೆಯನ್ನು ತಿರುವಿ ಹಾಕುತ್ತಿದ್ದ.

ಅವನು ಸಿ.ಟಿ. ಕೋಣೆಗೆ ವಾಪಸಾದ ದಿನ ಹುಡುಗಿ ದನಿಯ ಪಟ್ಟಿ ತೆರೆದು ಕಾಯುತ್ತಿದ್ದಳು. ಅಲ್ಲಿಯವರೆಗೆ ಮೈಕಿನಲ್ಲೇ ನೇರವಾಗಿ ಹೇಳಿ ಸುಧಾರಿಸಿದ್ದಳಂತೆ.

“ಸಾರ್, ಮೊದಲ ಭಾಗ ನಾನು ಹೇಳ್ತೀನಿ. ಎರಡನೇದು ನೀವು ಹೇಳಿ.”

“ನಾನ್ಯಾಕೆ?”

“ಅದನ್ನ ಇನ್ನು ಜನ್ಮದಲ್ಲಿ ಮರೆಯದೇ ಇರೋರು ಈ ಆಸ್ಪತ್ರೇಲಿ ನೀವೊಬ್ರೇ,” ಎಂದಳು. ಕುಹಕವಿತ್ತೋ ಪ್ರೀತಿಯಿತ್ತೋ, ಮಾಸ್ಕಿನ ಮೇಲಿಂದ ತಿಳಿಯಲಿಲ್ಲ.

ಅವಳು ಹೇಳಿದಳು: “ಹೆದರಬೇಡಿ. ನಿಧಾನವಾಗಿ ಉಸಿರು ಎಳೆದುಕೊಳ್ಳಿ. ಹಾಗೇ ಹಿಡಿದುಕೊಳ್ಳಿ.” ಆರು ಪದ. “ಉಸಿರು ಬಿಡಿ” ಎಂದರೆ ಎರಡೇ. ಉಸಿರಣ್ಣನ ಮನಸ್ಸು ತನ್ನಷ್ಟಕ್ಕೆ ಎಣಿಸಿಬಿಟ್ಟಿತು. ಶುರುವಿಗೆ ಒಂದು “ಆಯ್ತು” ಸೇರಿಸಿದ. ಇನ್ನೂ ಸಾಲದೆನಿಸಿ, ಮೂಗು ಮುರಿದಿದ್ದ ಆ ಎರಡು ಪದಗಳನ್ನೂ ಕೊನೆಗೆ ಹಾಕಿದ. ಆದರೂ ಅವಳಿಗಿಂತ ಒಂದು ಪದ ಕಡಿಮೆಯೇ ಬಂತು. ಉಳಿಸುವ ಗುಂಡಿಯನ್ನು ಮೂರು ಸಲ ಒತ್ತಿದ. ಖಾಲಿ ಹಲಗೆಯ ಮೇಲೆ ನಾಲ್ಕು ಸಲ ಓಡಿಸಿ ನೋಡಿದ.

ಮೂರು ತಿಂಗಳಾದ ಮೇಲೆ ಹೆಂಡತಿಗೆ ಮತ್ತೆ ಸ್ಕ್ಯಾನ್ ಬರೆದರು, ಶ್ವಾಸಕೋಶ ಎಷ್ಟು ತಿಳಿಯಾಗಿದೆ ನೋಡಲು. ಈ ಸಲ ಅವನು ಕನ್ಸೋಲಿನಲ್ಲಿ, ಹುಡುಗಿ ಅವಳನ್ನು ಮಲಗಿಸಿ ಬಂದು ಪಕ್ಕದ ಕುರ್ಚಿಯಲ್ಲಿ. ಗುಂಡಿ ಒತ್ತಿದ. ಹುಡುಗಿಯ ದನಿ ಹೆದರಬೇಡಿ ಎಂದಿತು. ಗಾಜಿನ ಆಚೆ ಹೆಂಡತಿಯ ಎದೆ ಉಬ್ಬಿ ನಿಂತಿತು. ಉಸಿರಣ್ಣನ ಎದೆಯೂ ನಿಂತಿತು. ಯಂತ್ರ ಸುತ್ತಿ ನಿಂತಿತು.

“ಆಯ್ತು. ಉಸಿರು ಬಿಡಿ. ಚೆನ್ನಾಗಿ ಮಾಡಿದಿರಿ.”

ಹೆಂಡತಿ ಉಸಿರು ಬಿಟ್ಟಳು. ಸ್ವಲ್ಪ ಹೊತ್ತು ಮೇಲಿನ ತೂತುಗಳನ್ನೇ ನೋಡಿದಳು. ಒಳಗಿನ ಮೈಕು ಅವಳ ಮಾತನ್ನು ಕನ್ಸೋಲಿಗೆ ತಂದಿತು.

“ಈ ಸಲ ಪೂರ್ತಿ ಹೇಳಿದ್ರಲ್ಲ.”

ಉಸಿರಣ್ಣ ಮಾತಿನ ಗುಂಡಿಯ ಮೇಲೆ ಬೆರಳಿಟ್ಟ. “ಅವತ್ತು ಮಿಷನ್ ಕೆಟ್ಟಿರಲಿಲ್ಲ ಕಣೇ,” ಎಂದ. “ನಾನೇ...”

ಎದ್ದುಹೋಗಲು ಅಲ್ಲಿ ಬಚ್ಚಲೂ ಇರಲಿಲ್ಲ, ಹಿತ್ತಿಲೂ ಇರಲಿಲ್ಲ.

“ಗೊತ್ತು,” ಎಂದಳು ಅವಳು. “ಅರ್ಧ ಮಾತು ನಿಂತಾಗಲೇ ಗೊತ್ತಾಯ್ತು, ಇದು ಮಿಷನ್ ಮಾಡಿದ ಕೆಲಸ ಅಲ್ಲ ಅಂತ. ಈಗ ಇದನ್ನೂ ಪೂರ್ತಿ ಹೇಳಿ.”

ಅವನು ಪಕ್ಕಕ್ಕೆ ನೋಡಿದ. ಹುಡುಗಿ ತೆರೆಯ ಮೇಲಿನ ಚಿತ್ರದಲ್ಲಿ ಮುಳುಗಿದವಳಂತೆ ಕೂತಿದ್ದಳು. ಎದ್ದು ಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು. ಅವಳು ಏಳಲಿಲ್ಲ.

“ಈ ಹುಡುಗಿ ದನೀನ ಎಲ್ಲರೂ ಹೊಗಳ್ತಾ ಇದ್ರು. ನೀನೂ ಹೊಗಳಿದೆ. ನನಗೆ ಹೊಟ್ಟೆಕಿಚ್ಚಾಯ್ತು. ಅದಕ್ಕೇ ಅವಳದನ್ನ ಅಳಿಸಿ ನನ್ನದು ಹಾಕಿದೆ. ಎರಡನೇದು ಉಳಿಸೋದು ಮರೆತೆ. ನೀನು ಸಾಯೋದ್ರಲ್ಲಿದ್ದೆ.” ಗುಂಡಿಯನ್ನು ಬಿಡದೆ ಒತ್ತಿ ಹಿಡಿದಿದ್ದ. “ಈಗಲೂ ಅಷ್ಟೇ. ಅವಳಿಗೆ ಆರು ಪದ, ನನಗೆ ಐದು. ಅದಕ್ಕೂ ಹೊಟ್ಟೆಕಿಚ್ಚು.”

ಹುಡುಗಿ ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡಳು. ಭುಜ ಅಲುಗಾಡುತ್ತಿತ್ತು, ನಗುತ್ತಿದ್ದಳೋ ಏನೋ.

ಗಾಜಿನ ಆಚೆ ಹೆಂಡತಿ ತಲೆಯ ಮೇಲಿಟ್ಟಿದ್ದ ಕೈಗಳನ್ನು ತಾನೇ ನಿಧಾನವಾಗಿ ಕೆಳಗಿಳಿಸಿ ಹೊಟ್ಟೆಯ ಮೇಲೆ ಇಟ್ಟುಕೊಂಡಳು.

“ಆಯ್ತು,” ಎಂದಳು. “ಈಗ ಇಳಿಸಿ ನನ್ನ. ಈ ಹಲಗೆ ತಣ್ಣಗಿದೆ.”